ಹೋಯ್ತಾ? ಹೋಯ್ತು

ನನ್ನ ಎಡಗಾಲಿಗೆ ನಮ್ಮ ನೆಂಟರಿಷ್ಟರಲ್ಲಿ ಇರುವ ಮರ್ಯಾದೆ ನನ್ನ ಡಿಗ್ರಿಗೆ ಇಲ್ಲ. ತಮಾಷೆಗೆ ಹೇಳುತ್ತಿಲ್ಲ. ಕಳೆದ ತಿಂಗಳು ಚಿಕ್ಕಪ್ಪನ ಮಗನ ಗೃಹಪ್ರವೇಶಕ್ಕೆ ಹೋಗಿದ್ದೆ. ಅಡುಗೆಯವರಿಗೆ ಸಿಲಿಂಡರ್ ಎತ್ತಿಕೊಡಲು ಬಗ್ಗಿದ ಅವನ ಭಾವಮೈದ ಬಗ್ಗಿದ ಹಾಗೆಯೇ ನಿಂತುಬಿಟ್ಟ. ಸೊಂಟ ಹಿಡಿದುಕೊಂಡಿತ್ತು. ‘ರತ್ನನ್ನ ಕರೀರಿ, ರತ್ನನ್ನ ಕರೀರಿ’ ಎಂದು ನಾಲ್ಕು ಕಡೆಯಿಂದ ಕೂಗೆದ್ದಿತು. ನಾನು ಜಂಬದಿಂದಲೇ ಎದ್ದೆ, ಸುಳ್ಳು ಯಾಕೆ ಹೇಳಲಿ. ಕೀಲು, ಸ್ನಾಯು, ಬೆನ್ನು ಎಂದು ಇಪ್ಪತ್ತೈದು ವರ್ಷಕ್ಕೂ ಮೇಲೆ ಫಿಸಿಯೋಥೆರಪಿ ಮಾಡಿಕೊಂಡು ಬಂದವಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಅವನನ್ನು ಚಾಪೆಯ ಮೇಲೆ ಮಲಗಿಸಿ, ಮಂಡಿ ಮಡಿಸಿ, ಕಾಲಿಗೆ ಜೋಮು ಹಿಡಿದಿದೆಯೇ, ಹೆಬ್ಬೆರಳು ಎತ್ತಲು ಬರುತ್ತದೆಯೇ ಎಂದು ಒಂದೊಂದಾಗಿ ಕೇಳುತ್ತಿದ್ದೆ. ಹಿಂದಿನಿಂದ ಚಿಕ್ಕಮ್ಮ ನನ್ನ ಭುಜ ತಟ್ಟಿದರು.

“ಅದೆಲ್ಲ ಆಮೇಲೆ ಕೇಳ್ಕೊಳ್ಳೇ. ಮೊದ್ಲು ಕಾಲಿಡು.”

“ಚಿಕ್ಕಮ್ಮ, ನಾನು ಇದನ್ನೇ ಓದಿರೋದು.”

“ಓದಿದ್ದು ಎಲ್ಲಿಗೆ ಓಡ್ಹೋಗುತ್ತೆ? ಅದಿರುತ್ತೆ. ಪೂರ್ಣಾಹುತಿಗೆ ಹೊತ್ತಾಯ್ತು, ಕಾಲಿಡು.”

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂದವಳು. ಹಾಗೆ ಹುಟ್ಟಿದವರು ಕಾಲಿನಿಂದ ಸವರಿದರೆ ಉಳುಕು ಹೋಗುತ್ತದೆ ಎನ್ನುವ ನಂಬಿಕೆ ನಮ್ಮ ಜನರಲ್ಲಿ ಎಷ್ಟು ಗಟ್ಟಿ ಎಂದರೆ, ಅಮ್ಮ ಬದುಕಿದ್ದೇ ಹೆಚ್ಚು ಅನ್ನುವ ಸ್ಥಿತಿಯಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಜ್ಜಿ, ಅಂದರೆ ಅಪ್ಪನ ತಾಯಿ, ವಾರ್ಡಿನ ಬಾಗಿಲಲ್ಲಿ ನಿಂತು ‘ಇನ್ನು ನಮ್ಮ ವಠಾರಕ್ಕೆ ಉಳುಕಿನ ಯೋಚನೆಯಿಲ್ಲ’ ಎಂದಳಂತೆ. ಆ ಒಂದು ಮಾತನ್ನು ಅಮ್ಮ ಅಜ್ಜಿಗೆ ಕೊನೆಯವರೆಗೂ ಕ್ಷಮಿಸಲಿಲ್ಲ. ನನಗೆ ನಡೆಯಲು ಬರುವ ಮೊದಲೇ ನನ್ನ ಪಾದಕ್ಕೆ ಕೆಲಸ ಸಿಕ್ಕಿತ್ತು. ಅಜ್ಜಿ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು, ನೊಂದವರ ಬೆನ್ನಿಗೆ ನನ್ನ ಅಂಗಾಲನ್ನು ರಬ್ಬರ್ ಸ್ಟ್ಯಾಂಪಿನ ಹಾಗೆ ಒತ್ತುತ್ತಿದ್ದಳಂತೆ.

ನಮ್ಮದು ಶ್ರೀರಾಂಪುರದ ಒಂದು ವಠಾರ. ಎಂಟು ಮನೆ, ಎರಡು ನಲ್ಲಿ, ಒಂದು ಒಗೆಯುವ ಕಲ್ಲು. ನಮ್ಮ ಪಾಲಿಗೆ ಎರಡು ಕೋಣೆ. ಹಿಂದಿನದು ಅಡುಗೆಗೆ ಮತ್ತು ಸ್ನಾನಕ್ಕೆ, ನಡುವೆ ಒಂದು ಹಳೆಯ ಸೀರೆಯ ಪರದೆ. ಮುಂದಿನದು ಮಿಕ್ಕ ಎಲ್ಲದಕ್ಕೂ. ಅಪ್ಪ ಮಿಲ್ಲಿನಲ್ಲಿ ಕೆಲಸಗಾರ. ಮಾತು ಕಡಿಮೆ, ಮಾತಾಡಿದರೆ ಅದು ಅಜ್ಜಿಯ ಮಾತಿಗೆ ‘ಹೂಂ’ ಎನ್ನುವುದಕ್ಕೆ. ಅಮ್ಮ ಮುಂದಿನ ಕೋಣೆಯ ಕಿಟಕಿಯ ಕೆಳಗೆ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಒಂದು ಕಡೆ ನಾದಿದ ಕಪ್ಪು ಹಿಟ್ಟು, ಒಂದು ಕಡೆ ಬಿದಿರು ಕಡ್ಡಿಯ ಕಂತೆ. ಅಂಗೈಯಿಂದ ಒಂದು ಉಜ್ಜು, ಕಡ್ಡಿ ಬತ್ತಿಯಾಗಿ ಪಕ್ಕಕ್ಕೆ. ಜನ ಊದುಬತ್ತಿ ಎಂದರೆ ಪರಿಮಳ ಅಂದುಕೊಳ್ಳುತ್ತಾರೆ. ಪರಿಮಳ ಹಾಕುವುದು ಬೇರೆ ಎಲ್ಲೋ, ಕಾರ್ಖಾನೆಯಲ್ಲಿ. ನಮ್ಮ ಮನೆಯಲ್ಲಿದ್ದದ್ದು ಬರೀ ಇದ್ದಿಲ ಪುಡಿಯ ವಾಸನೆ. ಅಮ್ಮ ಕಟ್ಟಿದ ಮುದ್ದೆಯಲ್ಲೂ ಅದೇ, ಹಾಕಿದ ಜಡೆಯಲ್ಲೂ ಅದೇ. ಶಾಲೆಯಿಂದ ಬಂದ ಮೇಲೆ ಅಕ್ಕ ಮಂಜುಳ ಮತ್ತು ನಾನು ಅಮ್ಮನ ಎದುರಿಗೆ ಕೂತು ನಮ್ಮ ಪಾಲಿನ ಕಡ್ಡಿ ಮುಗಿಸಿದ ಮೇಲೆಯೇ ಹೊರಗೆ ಕಾಲಿಡಬೇಕು.

ಆ ಕೋಣೆಯ ಹೊಸ್ತಿಲೇ ಅಜ್ಜಿಯ ಆಸ್ಪತ್ರೆ. ಹೊಸ್ತಿಲ ಮೇಲೆ ನಿಲ್ಲಬಾರದು, ಕೂರಬಾರದು, ಸೀನಬಾರದು. ಆದರೆ ಉಳುಕಿದವರು ಮಾತ್ರ ಅದಕ್ಕೆ ಅಡ್ಡಲಾಗಿ, ತಲೆ ಆಚೆ ಕಾಲು ಈಚೆ ಮಾಡಿ ಬೋರಲು ಮಲಗಬಹುದು. ದಿನ ಎಂದರೆ ಗುರುವಾರ ಮತ್ತು ಭಾನುವಾರ. ಹೊತ್ತು ಎಂದರೆ ಬೆಳಿಗ್ಗೆ, ನಾನು ಬಾಯಿ ಮುಕ್ಕಳಿಸುವ ಮೊದಲು. ನಿದ್ದೆಗಣ್ಣಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು. ಗೋಡೆ ಹಿಡಿದುಕೊಂಡು ನಾನು ಎಡಗಾಲಿನ ಹಿಮ್ಮಡಿಯಿಂದ ನೋವಿದ್ದ ಕಡೆ ಮೇಲಿನಿಂದ ಕೆಳಕ್ಕೆ ಮೂರು ಸಲ ಸವರಬೇಕು. ಒಂದೊಂದು ಸಲಕ್ಕೂ ಅಜ್ಜಿ ಗಟ್ಟಿಯಾಗಿ ‘ಹೋಯ್ತಾ?’ ಅನ್ನುವಳು. ಮಲಗಿದವರು ‘ಹೋಯ್ತು’ ಅನ್ನಬೇಕು. ಹೋಗಿದ್ದರೂ ಅನ್ನಬೇಕು, ಹೋಗದಿದ್ದರೂ ಅನ್ನಬೇಕು. ‘ಇಲ್ಲ’ ಅಂದರೆ ಆ ನೋವು ಸವರಿದವರ ಕಾಲಿಗೆ ಹತ್ತಿಕೊಳ್ಳುತ್ತದೆ ಎಂದು ಅಜ್ಜಿ ಮೊದಲೇ ಎಚ್ಚರಿಕೆ ಕೊಟ್ಟಿರುತ್ತಿದ್ದಳು. ಒಂದು ಮಗುವಿನ ಕಾಲಿಗೆ ತನ್ನ ನೋವನ್ನು ಹತ್ತಿಸಲು ಯಾರು ತಾನೇ ಒಪ್ಪುತ್ತಾರೆ? ಹೀಗಾಗಿ ನಮ್ಮ ಹೊಸ್ತಿಲಲ್ಲಿ ಗುಣವಾಗದೆ ಎದ್ದುಹೋದವರು ಒಬ್ಬರೂ ಇರಲಿಲ್ಲ.

ಹಿಂದಿನ ಮನೆಯ ನಂಜಪ್ಪನವರು ಮೂಟೆ ಹೊರುವ ಕೆಲಸದವರು. ವಾರ ತಪ್ಪದೆ ಬರುತ್ತಿದ್ದರು. ವಾರ ತಪ್ಪದೆ ‘ಹೋಯ್ತು’ ಅನ್ನುತ್ತಿದ್ದರು. ಒಂದು ಗುರುವಾರ ನಾನು ಕೇಳಿಯೇಬಿಟ್ಟೆ.

“ಹೋದ ವಾರಾನೇ ಹೋಯ್ತು ಅಂದ್ರಲ್ಲ ಮಾಮ, ಮತ್ತ್ಯಾಕೆ ಬಂದ್ರಿ?”

“ಅದು ಹೋಯ್ತವ್ವ. ಇದು ಬೇರೆ, ಹೊಸದು.”

“ಅದೇ ಜಾಗದಲ್ಲೇ ಇದ್ಯಲ್ಲ?”

“ಜಾಗ ಖಾಲಿ ಇತ್ತು ಅಂತ ಬಂದಿರ್ಬೇಕು ಕಣವ್ವ,” ಎಂದು ನಂಜಪ್ಪನವರು ಬೋರಲು ಮಲಗಿದಲ್ಲೇ ಕಿಸಕ್ಕೆಂದರು. ಅಜ್ಜಿ ನನ್ನ ತೊಡೆ ಜಿಗುಟಿದಳು. ಅಮ್ಮ ಮಣೆಯ ಮುಂದೆ ತಲೆ ಬಗ್ಗಿಸಿ ನಕ್ಕದ್ದು ನನಗೆ ಕಾಣಿಸಿತು.

ಈಗ ನನಗೆ ಗೊತ್ತು. ಭಾರ ಎತ್ತಿ ಹಿಡಿದುಕೊಂಡ ಸೊಂಟ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಸಡಿಲವಾಗುತ್ತಾ ಬರುತ್ತದೆ. ಅಜ್ಜಿಯ ಗುರುವಾರವೋ ಭಾನುವಾರವೋ ಬರುವ ಹೊತ್ತಿಗೆ ಅರ್ಧ ಹೋಗಿರುತ್ತಿತ್ತು, ಹೆಸರು ನನ್ನ ಕಾಲಿಗೆ. ಮಗುವಿನ ಕಾಲು ಬೆನ್ನಿಗೆ ತಗುಲಿದರೆ ಒಂದಿಷ್ಟು ಹಿತವೂ ಆಗುತ್ತಿತ್ತೇನೋ. ಅಲ್ಲಿಗೇ ನಿಂತಿದ್ದರೆ ನಾನು ಇದನ್ನೆಲ್ಲ ನಗುತ್ತಾ ಬರೆಯುತ್ತಿದ್ದೆ. ಆದರೆ ಅಜ್ಜಿಗೆ ಬೆನ್ನು, ಭುಜ, ಮಣಿಕಟ್ಟು, ಮಂಡಿ, ಪಾದದ ಮೇಲಿನ ಹರಡು ಎಲ್ಲವೂ ಒಂದೇ. ಮೂಳೆ ಕಣ್ಣಿಗೆ ಕಾಣುವ ಹಾಗೆ ಮುರಿಯದಿದ್ದರೆ ಅದು ಉಳುಕು. ಉಳುಕಿಗೆ ಬಿಸಿ ಹುಣಸೆಹಣ್ಣಿನ ಪಟ್ಟು, ಉಪ್ಪಿನ ಶಾಖ, ಹರಳೆಣ್ಣೆ ಹಾಕಿ ನೀವುವುದು, ಕೊನೆಗೆ ರತ್ನನ ಕಾಲು. ನಾಲ್ಕೇ ಔಷಧಿ, ಒಂದೇ ಕಾಯಿಲೆ. ಇದರಲ್ಲಿ ನನಗೆ ಕೋಪ ಬರಿಸುವುದು ಅಜ್ಜಿಯ ಅಜ್ಞಾನವಲ್ಲ. ಗೊತ್ತಿಲ್ಲ ಅನ್ನುವ ಮಾತು ಅವಳ ಬಾಯಲ್ಲಿ ಒಂದು ಸಲವೂ ಬಾರದೆ ಹೋದದ್ದು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಓದಿನಲ್ಲಿ ಅಷ್ಟಕ್ಕಷ್ಟೆ. ಲೆಕ್ಕದ ಪುಸ್ತಕ ತೆರೆದರೆ ಆಕಳಿಕೆ ಬರುತ್ತಿತ್ತು. ಆದರೆ ಖೋ ಖೋ ಆಟದಲ್ಲಿ ಅವಳು ಎದ್ದು ಓಡಿದರೆ ಮಲ್ಲೇಶ್ವರದ ಆ ಶಾಲೆಯ ಕಾಂಪೌಂಡಿನ ಆಚೆ ಹೋಗುತ್ತಿದ್ದವರೂ ನಿಂತು ನೋಡುತ್ತಿದ್ದರು. ಕಂಬವನ್ನು ಒಂದೇ ಕೈಯಲ್ಲಿ ಹಿಡಿದು, ಓಟದ ರಭಸ ಸ್ವಲ್ಪವೂ ಕಡಿಮೆಯಾಗದೆ ಗಿರ್ರನೆ ತಿರುಗಿಬಿಡುತ್ತಿದ್ದಳು. ಮನೆಯಲ್ಲೂ ಅದೇ. ಬಿಂದಿಗೆ ಹಿಡಿದು ನಲ್ಲಿಗೆ ಹೋದವಳು ಒಗೆಯುವ ಕಲ್ಲು ಒಂದು ಕಂಬ, ತುಳಸಿಕಟ್ಟೆ ಇನ್ನೊಂದು ಕಂಬ ಅಂದುಕೊಂಡು ಎರಡು ಸುತ್ತು ಹಾಕಿ ಬರುವಳು. ಅಮ್ಮನಿಗೂ ಅವಳಿಗೂ ದಿನಾ ಇದೇ ಜಗಳ.

“ವಯಸ್ಸಿಗೆ ಬಂದ ಹುಡುಗಿ, ಲಂಗ ಎತ್ಕೊಂಡು ಹಂಗೆ ಓಡ್ತೀಯಲ್ಲೇ, ನಾಚ್ಕೆ ಆಗಲ್ವಾ?”

“ಎತ್ಕೊಳ್ದೆ ಓಡಿದ್ರೆ ಬೀಳ್ತೀನಿ ಕಣಮ್ಮ.”

“ಓಡ್ಬೇಡ!”

“ಹಂಗಾದ್ರೆ ನೀರಿಗೆ ನೀನೇ ಹೋಗು. ನಡ್ಕೊಂಡು ಹೋದ್ರೆ ನಮ್ಮ ಸರದಿ ಬರೋಷ್ಟರಲ್ಲಿ ನಲ್ಲಿ ನಿಂತಿರುತ್ತೆ.”

ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ಪಿ.ಟಿ. ಮಿಸ್ಸು ನಮ್ಮ ಮನೆಗೇ ಬಂದರು. ವಠಾರಕ್ಕೆ ಒಬ್ಬ ಟೀಚರು ಬಂದದ್ದು ಅದೇ ಮೊದಲು. ಕೂರಲು ಜಾಗವಿಲ್ಲದೆ ಅಮ್ಮ ಕಡ್ಡಿಯ ಕಂತೆಗಳನ್ನು ಸರಿಸಿ ಅವರಿಗೆ ತನ್ನ ಮಣೆಯನ್ನೇ ಕೊಟ್ಟಳು. ಶನಿವಾರ ಜಿಲ್ಲೆಯ ತಂಡಕ್ಕೆ ಆಯ್ಕೆ ಇದೆ, ಆಯ್ಕೆಯಾದರೆ ಆಟದ ಕೋಟಾದಲ್ಲಿ ಕಾಲೇಜಿನ ಸೀಟು ಸಿಗುತ್ತದೆ, ಇವಳ ಮಾರ್ಕ್ಸು ನೋಡಿದರೆ ಬೇರೆ ದಾರಿಯಿಲ್ಲ, ಎಂದು ಮಿಸ್ಸು ಹೇಳಿದರು. ಕಾಲೇಜು ಎನ್ನುವ ಮಾತು ನಮ್ಮ ಮುಂದಿನ ಕೋಣೆಯಲ್ಲಿ ಕೇಳಿಸಿದ್ದೂ ಅದೇ ಮೊದಲು. ಅಪ್ಪ ಅವತ್ತು ‘ಹೂಂ’ ಅಂದದ್ದು ಅಜ್ಜಿಗಲ್ಲ, ಮಿಸ್ಸಿಗೆ. ಅವರು ಹೋದ ಮೇಲೆ ಅಮ್ಮ ಅಕ್ಕನ ಪಾಲಿನ ಕಡ್ಡಿಗಳನ್ನು ಮಾತಿಲ್ಲದೆ ತನ್ನ ಕಡೆಗೆ ಎಳೆದುಕೊಂಡಳು.

“ಶನಿವಾರದ ತನಕ ಹೊಸೀಬೇಡ. ಹೋಗು, ಓಡ್ಕೋ ಹೋಗು.”

ಬುಧವಾರ ಸಂಜೆ ಇಬ್ಬರು ಗೆಳತಿಯರ ಹೆಗಲ ಮೇಲೆ ಕೈ ಹಾಕಿಕೊಂಡು ಅಕ್ಕ ಒಂಟಿಕಾಲಲ್ಲಿ ಕುಂಟುತ್ತಾ ಮನೆಗೆ ಬಂದಳು. ಕಂಬ ಹಿಡಿದು ತಿರುಗುವಾಗ ಪಾದ ಮಣ್ಣಿನಲ್ಲಿ ಕಚ್ಚಿಕೊಂಡಿತಂತೆ, ಮೈ ತಿರುಗಿತಂತೆ, ಮಂಡಿ ತಿರುಗಲಿಲ್ಲವಂತೆ. ‘ಟಪ್ ಅಂತ ಶಬ್ದ ಬಂತು, ನಮಗೂ ಕೇಳಿಸ್ತು’ ಎಂದಳು ಒಬ್ಬಳು ಗೆಳತಿ. ದೀಪ ಹಚ್ಚುವ ಹೊತ್ತಿಗೆ ಬಲಮಂಡಿ ಊದಿ ಚಕ್ಕೋತದ ಹಾಗಾಗಿತ್ತು. ಇವತ್ತು ಆ ಮೂರು ಮಾತು ಯಾರಾದರೂ ನನಗೆ ಫೋನಿನಲ್ಲಿ ಹೇಳಿದರೆ ಸಾಕು, ಕಾಲು ತಿರುಚಿತು, ಟಪ್ ಅಂತು, ಒಂದೆರಡು ಗಂಟೆಯಲ್ಲೇ ಊದಿತು ಎಂದರೆ, ಮಂಡಿಯನ್ನು ನೋಡುವ ಮೊದಲೇ ನಾನು ಹೇಳುತ್ತೇನೆ: ಮುಟ್ಟಬೇಡಿ, ನೀವಬೇಡಿ, ಬಿಸಿ ಇಡಬೇಡಿ. ತಣ್ಣೀರಿನ ಬಟ್ಟೆ ಹಾಕಿ, ಕಾಲು ಎತ್ತರಕ್ಕಿಟ್ಟು ಮಲಗಿಸಿ, ಬೆಳಿಗ್ಗೆ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಂಡಿಯೊಳಗೆ ತೊಡೆಯ ಮೂಳೆಯನ್ನೂ ಕಾಲಿನ ಮೂಳೆಯನ್ನೂ ಹಗ್ಗದ ಹಾಗೆ ಕಟ್ಟಿಹಿಡಿದ ಲಿಗಮೆಂಟು ಒಂದಿದೆ, ಅದು ಹರಿದಿರಬಹುದು. ಇಷ್ಟು ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷದ ಮಾತು ಗೊತ್ತಿದ್ದವರು ಅವತ್ತು ನಮ್ಮ ಎಂಟು ಮನೆಗಳಲ್ಲಿ ಒಬ್ಬರೂ ಇರಲಿಲ್ಲ.

ಅಜ್ಜಿ ಮಂಡಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ ತೀರ್ಪು ಕೊಟ್ಟಳು.

“ಉಳುಕು. ನರದ ಮೇಲೆ ನರ ಕೂತಿದೆ.”

“ಆಸ್ಪತ್ರೆಗೆ ತೋರ್ಸೋಣವಾ?” ಎಂದ ಅಪ್ಪ. ಅವನು ಅಷ್ಟು ಮಾತಾಡಿದ್ದೇ ದೊಡ್ಡದು.

“ಮನೇಲೇ ರತ್ನನ ಕಾಲಿಟ್ಕೊಂಡು ಊರೆಲ್ಲಾ ಸುತ್ತೋರನ್ನ ಏನಂತಾರೆ ಗೊತ್ತಾ? ನಾಳೆ ಗುರುವಾರ. ದೇವ್ರೇ ನೋಡಿ ಇಟ್ಟಿರೋ ದಿನ.”

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಜ್ಜಿ ಅವಳತ್ತ ತಿರುಗಿ ‘ನೀನು ಹುಣಸೆಹಣ್ಣು ನೆನೆಹಾಕು’ ಎಂದಳು. ಅಮ್ಮ ನೆನೆಹಾಕಿದಳು. ಹುಣಸೆಹಣ್ಣು ಮತ್ತು ಉಪ್ಪನ್ನು ಕುದಿಸಿ, ಸುಡುಸುಡುವ ಪಟ್ಟನ್ನು ಊದಿದ ಮಂಡಿಗೆ ಮೆತ್ತಿದರು. ಅಕ್ಕ ಸೆರಗು ಕಚ್ಚಿಕೊಂಡು ಕೂತಿದ್ದಳು. ಸೆರಗು ಅವಳದಲ್ಲ, ಅಮ್ಮನದು.

ಗುರುವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿದಾಗ ವಠಾರದವರೆಲ್ಲ ಬಾಗಿಲಲ್ಲಿ ಸೇರಿದ್ದರು. ಶನಿವಾರದ ವಿಷಯ ಎಲ್ಲರಿಗೂ ಗೊತ್ತಿತ್ತು. ಅಕ್ಕ ಹೊಸ್ತಿಲ ಮೇಲೆ ಅಂಗಾತ ಮಲಗಿದ್ದಳು, ಮಂಡಿ ಮೇಲಾಗಿ. ಪಟ್ಟು ತೆಗೆದ ಮಂಡಿ ಕೆಂಪಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ನನಗೆ ಹೆದರಿಕೆಯಾಯಿತು. ‘ನಾ ಒಲ್ಲೆ’ ಎಂದೆ. ಅಜ್ಜಿ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಹಿಮ್ಮಡಿ ಇಟ್ಟೆ. ಅದು ನನಗೆ ಗೊತ್ತಿದ್ದ ಬೆನ್ನುಗಳ ಹಾಗೆ ಗಟ್ಟಿಯಾಗಿರಲಿಲ್ಲ. ಒಳಗೆ ಏನೋ ನೀರಿನ ಚೀಲದ ಹಾಗೆ ಸರಿಯಿತು, ಅದರ ಕೆಳಗೆ ಮೂಳೆ ಒಂದಿಷ್ಟು ಜಾರಿತು. ಹೇಳುತ್ತೇನೆ, ನಂಬಿದರೆ ನಂಬಿ: ಆಮೇಲೆ ಎಷ್ಟೋ ಮಂಡಿಗಳನ್ನು ಕೈಯಲ್ಲಿ ಹಿಡಿದು ಆ ಜಾರುವಿಕೆಯನ್ನು ಪರೀಕ್ಷೆ ಮಾಡಿದ್ದೇನೆ, ಮೊದಲು ಅದು ನನಗೆ ತಿಳಿದದ್ದು ಹಿಮ್ಮಡಿಯಿಂದ, ಹತ್ತನೇ ವಯಸ್ಸಿನಲ್ಲಿ.

“ಹೋಯ್ತಾ?”

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ತುಟಿಯ ಮೇಲೆ ಬೆವರಿತ್ತು.

“ಹೋಯ್ತು.”

“ಹೋಯ್ತಾ?”

“ಹೋಯ್ತು.”

“ಹೋಯ್ತಾ?”

“ಹೋಯ್ತಜ್ಜಿ, ಹೋಯ್ತು! ಪೂರ್ತಿ ಹೋಯ್ತು.”

ನಂಜಪ್ಪನವರು ಚಪ್ಪಾಳೆ ತಟ್ಟಿದರು. ಅಕ್ಕ ಎದ್ದು ಗೋಡೆ ಹಿಡಿದು ನಿಂತಳು, ಗೋಡೆ ಬಿಟ್ಟು ನಿಂತಳು, ನಲ್ಲಿಯವರೆಗೆ ನಡೆದು ಬಂದಳು. ನಾನು ಎರಡು ದಿನ ನನ್ನ ಎಡಗಾಲನ್ನು ಆಗಾಗ ಮುಟ್ಟಿ ನೋಡಿಕೊಂಡೆ. ನೋವಿರಲಿಲ್ಲ. ಅಂದರೆ ಅಕ್ಕನದು ನಿಜವಾಗಿ ಹೋಗಿದೆ ಎಂದು ನನ್ನ ಲೆಕ್ಕ.

ಶನಿವಾರ ಅಪ್ಪ ಮಿಲ್ಲಿಗೆ ರಜೆ ಹಾಕಿ ನನ್ನನ್ನೂ ಮೈದಾನಕ್ಕೆ ಕರೆದುಕೊಂಡು ಹೋದ. ಮಂಡಿಗೆ ಅಮ್ಮನ ಹಳೆಯ ಸೀರೆಯ ಪಟ್ಟಿ ಬಿಗಿದು ಅಕ್ಕ ಆಟಕ್ಕೆ ಇಳಿದಳು. ನೇರಕ್ಕೆ ಓಡುವಾಗ ಯಾರಿಗೂ ಏನೂ ಗೊತ್ತಾಗಲಿಲ್ಲ. ಇಬ್ಬರನ್ನು ಮುಟ್ಟಿದಳು. ಮೂರನೆಯವಳನ್ನು ಅಟ್ಟಿಸಿಕೊಂಡು ಹೋಗಿ, ಕಂಬ ಹಿಡಿದು, ತಿರುಗಿದಳು. ಮೈದಾನದಲ್ಲಿ ಅವಳು ಕಿರುಚಿದ್ದು ನನಗೆ ಇನ್ನೂ ಕೇಳುತ್ತದೆ ಎಂದು ಬರೆಯಬಹುದಿತ್ತು, ಅವಳು ಕಿರುಚಲಿಲ್ಲ. ಕೂತಳು. ಕೂತಲ್ಲಿಂದಲೇ ಸಾಲಿನಲ್ಲಿ ಹತ್ತಿರ ಕೂತಿದ್ದವಳಿಗೆ ‘ಖೋ’ ಎಂದು ಕೂಗಿದಳು. ಆಟ ನಿಲ್ಲಬಾರದಲ್ಲ. ಆಮೇಲೆ ಅಪ್ಪ ಅವಳನ್ನು ಎತ್ತಿಕೊಂಡು ಬಂದ.

ಅದಾದ ಮೇಲೂ ನಾವು ಆಸ್ಪತ್ರೆಗೆ ಹೋಗಲಿಲ್ಲ. ಮತ್ತೆ ಪಟ್ಟು, ಮತ್ತೆ ಗುರುವಾರ, ಮತ್ತೆ ಹೋಯ್ತಾ, ಮತ್ತೆ ಹೋಯ್ತು. ಬಿದಿರು ದಬ್ಬೆ ಇಟ್ಟು ಕಟ್ಟು ಕಟ್ಟುವವರೊಬ್ಬರನ್ನು ಅಜ್ಜಿಯೇ ಕರೆಸಿದಳು. ಅವರು ಮುರಿಯದ ಮೂಳೆಗೆ ಕಟ್ಟು ಕಟ್ಟಿ ಹೋದರು. ಊತ ಇಳಿಯಿತು, ಅಕ್ಕ ನಡೆದಳು. ಆದರೆ ನಲ್ಲಿಯ ಮೆಟ್ಟಿಲಲ್ಲಿ, ಬಸ್ಸಿಳಿಯುವಾಗ, ಹೇಳದೆ ಕೇಳದೆ ಮಂಡಿ ಕಳಚಿಕೊಂಡ ಹಾಗಾಗಿ ಕುಸಿಯುತ್ತಿದ್ದಳು. ಬೇರೆ ಹುಡುಗಿಯರು ಜಿಲ್ಲೆಗೆ ಆಡಿದರು. ಕೋಟಾದ ಸೀಟು ಬೇರೆಯವರಿಗೆ ಹೋಯಿತು. ಅಕ್ಕ ಕಿಟಕಿಯ ಕೆಳಗೆ ಅಮ್ಮನ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಕೊಂಡಳು. ಚಕ್ಕಳಮಕ್ಕಳ ಹಾಕಿ ಕೂರಲು ಆಗದೆ, ಬಲಗಾಲನ್ನು ಉದ್ದಕ್ಕೆ ಚಾಚಿ ಹೊಸೆಯುತ್ತಿದ್ದಳು. ಆ ಚಾಚಿದ ಕಾಲನ್ನು ದಾಟಿಕೊಂಡೇ ನಾನು ದಿನಾ ಶಾಲೆಗೆ ಹೋಗುತ್ತಿದ್ದೆ.

ಒಂದು ವರ್ಷದ ಮೇಲೆ ಅಪ್ಪ ಅಜ್ಜಿಗೆ ಹೇಳದೆ ಅಕ್ಕನನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದ. ಜೊತೆಗೆ ನಾನು. ಡಾಕ್ಟರು ನೋಡಿ ಒಂದು ಚೀಟಿ ಕೊಟ್ಟು ಕೊನೆಯ ಕೋಣೆಗೆ ಹೋಗಲು ಹೇಳಿದರು. ಅಲ್ಲಿ ಬಿಳಿ ಕೋಟಿನ ಒಬ್ಬ ಹೆಂಗಸು ಇದ್ದರು. ಅವರು ಅಕ್ಕನ ಮಂಡಿಯನ್ನು ಕೂಡಲೇ ಮುಟ್ಟಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ‘ಹೇಗೆ ಬಿದ್ದೆ, ಮೊದಲಿಂದ ಹೇಳು’ ಎಂದರು. ಆಮೇಲೆ ಮೊದಲು ಚೆನ್ನಾಗಿದ್ದ ಮಂಡಿಯನ್ನು ಹಿಡಿದು ನೋಡಿದರು, ಆಮೇಲೆ ನೋವಿನದನ್ನು. ಚೆನ್ನಾಗಿರುವುದು ಹೇಗಿರುತ್ತದೆ ಎಂದು ತಿಳಿಯದೆ ಕೆಟ್ಟಿರುವುದು ತಿಳಿಯುವುದಿಲ್ಲ ಎನ್ನುವುದು ನನಗೆ ಅವತ್ತು ಹೊಳೆಯಿತು.

“ಇದು ಉಳುಕಲ್ಲಮ್ಮ. ಒಳಗಿನ ಲಿಗಮೆಂಟು ಹರಿದಿದೆ. ಅದರ ಮೇಲೆ ಓಡಾಡಿ ಓಡಾಡಿ ಮೂಳೆಗಳ ಮಧ್ಯೆ ಇರೋ ಗಾದಿನೂ ಕಿತ್ತುಹೋಗಿದೆ. ಬಿದ್ದ ಮೇಲೆ ಆಡಿದ್ಯಾ?”

ಅಕ್ಕ ನೆಲ ನೋಡಿದಳು. ನಾನು ಹೇಳಿದೆ:

“ನಾನು ಕಾಲಿಟ್ಟೆ ಮಿಸ್. ಹೋಯ್ತು ಅಂದ್ಳು.”

ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಮರಳಿನ ಚೀಲ ಕಟ್ಟಿ ಕಾಲೆತ್ತುವ ವ್ಯಾಯಾಮ ಹೇಳಿಕೊಟ್ಟರು. ನ್ಯಾಯವಾಗಿ ಹೇಳಬೇಕೆಂದರೆ, ಮೊದಲ ದಿನವೇ ಹೋಗಿದ್ದರೂ ಆ ಲಿಗಮೆಂಟನ್ನು ಸರಿಮಾಡುವ ಆಪರೇಷನ್ ಆಗ ನಮ್ಮಂಥವರ ಕೈಗೆ ಸಿಗುವಂಥದ್ದಾಗಿರಲಿಲ್ಲ. ಆದರೆ ಅವಳು ಶನಿವಾರ ಓಡುತ್ತಿರಲಿಲ್ಲ. ಗಾದಿ ಉಳಿಯುತ್ತಿತ್ತು. ಮಂಡಿ ಇಷ್ಟು ಬೇಗ ಸವೆಯುತ್ತಿರಲಿಲ್ಲ. ಹೊರಡುವಾಗ ನಾನು ಆ ಹೆಂಗಸನ್ನು ಕೇಳಿದೆ, ಇದಕ್ಕೆ ಏನು ಓದಬೇಕು ಎಂದು. ಅವರು ಚೀಟಿಯ ಹಿಂದೆ ಬರೆದುಕೊಟ್ಟರು. ಆ ಚೀಟಿಯನ್ನು ಲೆಕ್ಕದ ಪುಸ್ತಕದ ರಟ್ಟಿನೊಳಗೆ ಇಟ್ಟುಕೊಂಡು ಓದಿದೆ. ಬೀದಿ ದೀಪದ ಕೆಳಗೆ ಓದಿದೆ ಎಂದೆಲ್ಲ ಹೇಳಿಕೊಳ್ಳುವುದಿಲ್ಲ. ನಮ್ಮ ಮನೆಯಲ್ಲೇ ದೀಪವಿತ್ತು. ಇಲ್ಲದಿದ್ದದ್ದು ಹೊತ್ತು. ಆ ಹೊತ್ತನ್ನು ಕೊಟ್ಟವಳು ಅಕ್ಕ. ನನ್ನ ಪಾಲಿನ ಕಡ್ಡಿಗಳನ್ನು, ಅಮ್ಮ ಹಿಂದೊಮ್ಮೆ ಮಾಡಿದ ಹಾಗೆ, ಮಾತಿಲ್ಲದೆ ತನ್ನ ಕಡೆಗೆ ಎಳೆದುಕೊಂಡಳು. ಡಿಗ್ರಿಯ ಸರ್ಟಿಫಿಕೇಟು ಮನೆಗೆ ಬಂದಾಗ ಅಮ್ಮ ಅದಕ್ಕೆ ಕುಂಕುಮ ಹಚ್ಚಿ ಹಾಳು ಮಾಡಲು ಬಂದಳು, ತಡೆದೆ. ಅಜ್ಜಿಗೆ ಆಗ ಕಣ್ಣು ಮಂಜಾಗಿತ್ತು, ಬಾಯಿ ಮಂಜಾಗಿರಲಿಲ್ಲ.

“ಕಾಲಲ್ಲಿ ಮಾಡೋದನ್ನ ಕೈಯಲ್ಲಿ ಮಾಡೋಕೆ ಇಷ್ಟು ವರ್ಷ ಓದ್ಬೇಕಾಯ್ತಾ?”

ಸಂಪಿಗೆ ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿ ಈಗ ನನ್ನ ಕ್ಲಿನಿಕ್ಕಿದೆ. ನಾನು ಯಾರನ್ನೂ ‘ಹೋಯ್ತಾ’ ಎಂದು ಕೇಳುವುದಿಲ್ಲ. ‘ನೋವು ಹತ್ತಕ್ಕೆ ಎಷ್ಟು’ ಎಂದು ಕೇಳುತ್ತೇನೆ. ಆದರೂ ಜನ ‘ಹೋಯ್ತು ಮೇಡಂ’ ಎಂದೇ ಹೇಳಿ ಜಾಗ ಖಾಲಿ ಮಾಡುತ್ತಾರೆ. ತಿಂಗಳ ಮೇಲೆ ಅದೇ ಭುಜ ಹಿಡಿದುಕೊಂಡು ಬರುತ್ತಾರೆ. ಹರಡು ತಿರುಚಿಕೊಂಡವರು ಚೆನ್ನಾಗಿ ನೀವಿಸಿಕೊಂಡು, ಊತ ಎರಡರಷ್ಟಾದ ಮೇಲೆ ಬರುತ್ತಾರೆ. ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಎಲ್ಲರಿಗಿಂತ ಕೆಟ್ಟ ಪೇಷೆಂಟು ನಮ್ಮಕ್ಕನೇ. ಮದುವೆಯಾಗಿ ಮಾವಳ್ಳಿಗೆ ಹೋದವಳು ಈಗ ವಾರಕ್ಕೆರಡು ಸಲ ಮೆಟ್ರೋದಲ್ಲಿ ಬರುತ್ತಾಳೆ. ಮಂಡಿ ಸವೆದು ಮೂಳೆಗೆ ಮೂಳೆ ತಾಗಿದೆ, ಬದಲಿ ಮಂಡಿ ಹಾಕಬೇಕು ಎಂದಿದ್ದಾರೆ ಡಾಕ್ಟರು. ಅದಕ್ಕೆ ಮೊದಲು ತೊಡೆಗೆ ಬಲ ಬರಬೇಕು. ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಹಾಳೆ ಕೊಟ್ಟಿದ್ದೆ, ದಿನಾ ಮಾಡಿ ಟಿಕ್ ಹಾಕು ಎಂದು. ಹೋದ ಮಂಗಳವಾರ ಹಾಳೆ ತಂದಳು. ಎಲ್ಲ ಚೌಕಕ್ಕೂ ಟಿಕ್ ಬಿದ್ದಿತ್ತು. ಒಂದೇ ಪೆನ್ನು, ಒಂದೇ ಕೈ, ಅರ್ಧದಿಂದಾಚೆ ಎಲ್ಲ ಟಿಕ್ಕೂ ಅಲುಗಾಡಿತ್ತು.

“ಇದನ್ನ ಮೆಟ್ರೋದಲ್ಲಿ ಕೂತು ಹಾಕಿದೀಯ.”

“ಸೀಟು ಸಿಕ್ತು ಕಣೇ ಇವತ್ತು,” ಎಂದಳು, ನಾಚಿಕೆಯಿಲ್ಲದೆ.

ಮಲಗಿಸಿದೆ. ಮಂಡಿಯ ಕೆಳಗೆ ಟವಲು ಸುತ್ತಿ ಇಟ್ಟು, ಕೆಳಕ್ಕೆ ಒತ್ತು, ಹತ್ತರ ತನಕ ಎಣಿಸು ಎಂದೆ. ಮೂರಕ್ಕೇ ಅವಳ ತುಟಿಯ ಮೇಲೆ ಬೆವರು ಬಂತು. ನೋವು ಎಷ್ಟಿದೆ ಎಂದೆ. ‘ಹೋಯ್ತು ಬಿಡೇ’ ಎಂದಳು. ನನ್ನ ತಾಳ್ಮೆ ತಪ್ಪಿತು.

“ಅವತ್ತು ನನ್ನ ಕಾಲಿಗೆ ನೋವು ಹತ್ಬಾರ್ದು ಅಂತ ಹೋಯ್ತು ಅಂದೆ, ಸರಿ. ನಾನು ಚಿಕ್ಕವಳಿದ್ದೆ. ಇವತ್ತು ಯಾರನ್ನ ಕಾಪಾಡೋಕೆ ಸುಳ್ಳು ಹೇಳ್ತಿದೀಯ?”

ಅವಳು ಎಣಿಸುವುದನ್ನು ನಿಲ್ಲಿಸಿದಳು.

“ನಿನ್ನ ಕಾಲಿಗಾ? ಯಾವತ್ತೇ?”

“ಆ ಗುರುವಾರ. ಹೊಸ್ತಿಲ ಮೇಲೆ. ನನ್ನ ಮುಖ ನೋಡ್ಕೊಂಡು ಹೇಳಿದ್ಯಲ್ಲ.”

ಅಕ್ಕ ಜೋರಾಗಿ ನಕ್ಕಳು. ಪಕ್ಕದ ಪರದೆಯಾಚೆಯ ಪೇಷೆಂಟು ಕೆಮ್ಮಿದರು.

“ಅಯ್ಯೋ ಹುಚ್ಚಿ! ಶನಿವಾರ ಸೆಲೆಕ್ಷನ್ ಇತ್ತಲ್ಲೇ! ಇಲ್ಲ ಅಂದಿದ್ರೆ ಅಮ್ಮ ಹೊರಗೆ ಬಿಡ್ತಿದ್ಳಾ? ನಿನ್ನ ಕಾಲಿನ ಯೋಚನೆ ನನಗೆಲ್ಲಿತ್ತು? ನೀನೆಲ್ಲಿ ಅತ್ತು ಕೆಲಸ ಕೆಡಿಸ್ತೀಯೋ ಅಂತ ನಿನ್ನ ಮುಖ ನೋಡ್ತಿದ್ದೆ.”

ನನಗೆ ಎಷ್ಟು ಕೋಪ ಬಂತೆಂದರೆ ಕೈಯಲ್ಲಿದ್ದ ಹಾಳೆಯನ್ನು ಹರಿಯಬೇಕೆನಿಸಿತು. ನಮ್ಮಕ್ಕ ನನ್ನ ಕಾಲನ್ನು ಕಾಯಲು ತನ್ನ ಕಾಲನ್ನು ಕಳೆದುಕೊಂಡಳು ಎಂದು ನಾನು ಎಷ್ಟು ಜನಕ್ಕೆ ಹೇಳಿದ್ದೇನೆ! ನನ್ನ ಕೈಕೆಳಗೆ ಕಲಿತ ಹುಡುಗಿಯರಿಗೆ, ನನ್ನ ಗಂಡನಿಗೆ, ಒಮ್ಮೆ ಮೈಕಿನ ಮುಂದೆ ನಿಂತು ಕಣ್ಣೊರೆಸಿಕೊಂಡು ಕೂಡ. ಓದಿದ್ದೇ ಆ ಋಣಕ್ಕೆ. ಅಜ್ಜಿ ಸಾಯುವವರೆಗೂ ಅವಳ ಜೊತೆ ಸರಿಯಾಗಿ ಮಾತಾಡದೆ ಉಳಿದದ್ದೂ ಅದಕ್ಕೇ.

“ನಲವತ್ತು ವರ್ಷ ನನ್ನ ಕಾಲನ್ನ ನಾನೇ ಬೈಕೊಂಡು ಬಂದಿದೀನಿ ಕಣೇ!”

“ನಿನ್ನ ಕಾಲಿಗೇನಾಗಿದೆ? ಚೆನ್ನಾಗೇ ಇದೆ.”

“ಅಜ್ಜಿನ ಬೈದೆ, ಅಮ್ಮನ್ನ ಬೈದೆ. ಹೇಳ್ಬಾರ್ದಿತ್ತಾ?”

“ನೀನು ಕೇಳಿದ್ದು ಯಾವಾಗ? ಎಲ್ಲರಿಗೂ ನೀನೇ ಹೇಳ್ಕೊಂಡು ಓಡಾಡ್ತಿದ್ದೆ.” ಅವಳು ನಗು ನಿಲ್ಲಿಸಿ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು. “ನೋವಿತ್ತು ಅಂತ ನನಗೆ ಗೊತ್ತಿತ್ತು. ಓಡ್ಬೇಕು ಅನ್ನಿಸ್ತು, ಓಡಿದೆ. ಅಜ್ಜಿನೂ ಕಳಿಸ್ಲಿಲ್ಲ, ನಿ‌ನ್ನ ಕಾಲೂ ಕಳಿಸ್ಲಿಲ್ಲ. ಅದೊಂದಾದ್ರೂ ನನ್ನದು ಅಂತ ಇರ್ಲಿ ಬಿಡೇ.”

ನಾನು ಟವಲನ್ನು ಮತ್ತೆ ಸುತ್ತಿ ಮಂಡಿಯ ಕೆಳಗಿಟ್ಟೆ. ಅವಳು ಕೇಳದೆಯೇ ಒತ್ತಿದಳು. ಎಣಿಸಿದೆ. ಹತ್ತು ತಲುಪಿದಾಗ ತೊಡೆಯ ಸ್ನಾಯು ನನ್ನ ಅಂಗೈಯ ಕೆಳಗೆ ನಡುಗುತ್ತಿತ್ತು. ಈ ಓದಿಗೆ ಸೇರಿದ ಮೇಲೆ ಒಮ್ಮೆಯೂ ಬಾಯಿಂದ ಆಡದ ಪ್ರಶ್ನೆಯನ್ನು ಕೇಳಿದೆ.

“ಹೋಯ್ತಾ?”

ಅಕ್ಕ ಬಾಯಿ ತೆರೆದಳು. ಅಭ್ಯಾಸದ ಮಾತು ತುಟಿಯ ತನಕ ಬಂದು ನಿಂತದ್ದು ಕಾಣಿಸಿತು.

“ಇಲ್ಲ,” ಎಂದಳು. “ಇದೆ ಕಣೇ.”

“ಹತ್ತಕ್ಕೆ ಎಷ್ಟು?”

“ಹನ್ನೊಂದು ಬರ್ಕೋ.”

ಬರೆದುಕೊಂಡೆ.